ವೈನಿಯ ಮೂಗು

ಯಾವುದಾದರೂ ವಾಸನೆ ಬಂದರೆ ವೈನಿಯ ಎಡ ಮೂಗಿನ ಹೊಳ್ಳೆ ಮೊದಲು ಅಲುಗುತ್ತಿತ್ತು. ಅದರ ಮೇಲೆ ಹವಳದ ಸುತ್ತ ಮುತ್ತು ಕಟ್ಟಿದ ಹಳೆಯ ಮೂಗುಬೊಟ್ಟು. ಅದರ ಭಾರಕ್ಕೆ ಚುಚ್ಚಿದ ತೂತು ಜೋಳದ ಕಾಳಿನಷ್ಟು ಉದ್ದವಾಗಿ ಹಿಗ್ಗಿತ್ತು. ಮೂಗುಬೊಟ್ಟು ಮಿನುಗಿತೆಂದರೆ ಮನೆಯವರೆಲ್ಲ ಸುಮ್ಮನಾಗುತ್ತಿದ್ದೆವು. ಆಮೇಲೆ ಅವರು ಹೇಳುತ್ತಿದ್ದರು: ಪಕ್ಕದ ಮನೆಯವರ ಸಾರಿಗೆ ಇಂಗು ಹೆಚ್ಚಾಗಿದೆ, ಹಿತ್ತಲಲ್ಲಿ ಯಾವುದೋ ಬೆಕ್ಕು ಮರಿ ಹಾಕಿದೆ, ಮಳೆ ಜಮಖಂಡಿ ದಾಟಿ ಈ ಕಡೆ ಬರುತ್ತಿದೆ. ಅವರು ಹೇಳಿದ್ದು ತಪ್ಪಿದ್ದನ್ನು ನಾನು ನೋಡಲಿಲ್ಲ. ತಪ್ಪಲಿ ಎಂದು ಕಾದದ್ದು ಮಾತ್ರ ಬಹಳ ಸಲ.

ಅವರು ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮವರು ವೈನಿ ಎನ್ನುತ್ತಿದ್ದರು, ಓಣಿಯವರೂ ಹಾಗೇ ಕರೆಯುತ್ತಿದ್ದರು, ನಾನೂ ಅದನ್ನೇ ಹಿಡಿದೆ. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಆಲಮಟ್ಟಿಯ ನೀರು ಬೀಳಗಿ ಕಡೆಯ ಊರುಗಳಿಗೆ ಏರತೊಡಗಿದ್ದ ಕಾಲದಲ್ಲಿ ಸೊಸೆಯಾಗಿ ಮುಧೋಳಕ್ಕೆ ಬಂದೆ. ವೈನಿ ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. 'ಏ ಕಾನ್ವೆಂಟ' ಎನ್ನುತ್ತಿದ್ದರು.

ನಮ್ಮ ಮಾವನವರ ತಂದೆ ಸಂಸ್ಥಾನದ ಕಾಲದಲ್ಲಿ ಅರಸರ ವಾಡೆಯಲ್ಲಿ ಸೆರೆ, ಅಂದರೆ ಮದ್ಯ, ಇಳಿಸುವ ಕೆಲಸದಲ್ಲಿದ್ದವರು. ಒಣದ್ರಾಕ್ಷಿ, ಬೆಲ್ಲ, ಗುಲಾಬಿ ಎಸಳು, ಕಿತ್ತಳೆ ಸಿಪ್ಪೆ, ಏಲಕ್ಕಿ, ಎಲ್ಲಕ್ಕಿಂತ ಹೆಚ್ಚಾಗಿ ಬಡೇಸೋಪು, ಅಂದರೆ ಸೋಂಪಿನ ಕಾಳು. ವಾಡೆಯ ದೊರೆತನ ಹೋದ ಮೇಲೂ ಆ ವಿದ್ಯೆ ನಮ್ಮ ಮನೆಯಲ್ಲಿ ಉಳಿದಿತ್ತು. ವರ್ಷಕ್ಕೊಮ್ಮೆ, ದಸರೆಗೆ ಮುಂಚೆ, ಹಿತ್ತಲಲ್ಲಿ ಒಂದೇ ಒಂದು ಭಟ್ಟಿ. ಮನೆಯಲ್ಲಿ ಯಾರೂ ಅದನ್ನು ದಾರು ಅನ್ನುತ್ತಿರಲಿಲ್ಲ, 'ಸೋಪಿನ ನೀರು' ಎನ್ನುತ್ತಿದ್ದರು. ಖಂಡೇನವಮಿಯ ದಿನ ಪೂಜೆಗಿಟ್ಟ ಕತ್ತಿಯ ಮುಂದೆ ಒಂದು ಬಟ್ಟಲು, ಆಮೇಲೆ ಗಂಡಸರಿಗೂ ಮುದುಕಿಯರಿಗೂ ಒಂದೊಂದು ಗುಟುಕು. ಉಳಿದದ್ದು ಭರಣಿಯಲ್ಲಿ, ಬಾಣಂತಿಯರಿಗೆ ಮತ್ತು ಚಳಿಗಾಲದ ಕೆಮ್ಮಿಗೆ. ಭರಣಿಯ ಬಾಯಿಗೆ ಬನಹಟ್ಟಿ ಸೀರೆಯ ತುಂಡು ಕಟ್ಟುತ್ತಿದ್ದರು. ಸರಕಾರದ ಕಣ್ಣಿನಲ್ಲಿ ಅದು ಅಪರಾಧವೇ. ಓಣಿಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇರುವುದೂ ಗೊತ್ತಿತ್ತು.

ಭಟ್ಟಿಯ ಮುಂದೆ ಕೂರುವ ಹಕ್ಕು ಹಿರಿಯ ಸೊಸೆಗೆ ಮಾತ್ರ. ಹೆಣ್ಣುಮಕ್ಕಳು ಬೇರೆ ಮನೆಗೆ ಹೋಗುವವರು, ಅವರಿಗೆ ಕಲಿಸುವಂತಿಲ್ಲ. ಕೂತವಳು ಒಂದು ಹನಿಯನ್ನೂ ನಾಲಿಗೆಗೆ ತಾಗಿಸುವಂತಿಲ್ಲ. ಎಲ್ಲ ಮೂಗಿನ ಲೆಕ್ಕ. ನಮ್ಮ ಅತ್ತೆ ತಾವು ತೀರಿಕೊಳ್ಳುವ ಮುಂಚೆ ಆ ವಿದ್ಯೆಯನ್ನು ವೈನಿಗೆ ಕೊಟ್ಟಿದ್ದರು. ನಳಿಗೆಯಿಂದ ಮೊದಲು ಬೀಳುವ, ಎಲ್ಲಕ್ಕಿಂತ ಕಟುವಾದ ಧಾರೆಗಾಗಿ ಗಂಡಸರು ಗೋಡೆಯಾಚೆ ನಿಂತು ಗೋಗರೆಯುತ್ತಿದ್ದರು. ವೈನಿ ಅದನ್ನು ತಂಬಿಗೆಯಲ್ಲಿ ಹಿಡಿದು ಅವರ ಕಣ್ಣೆದುರೇ ಹಿತ್ತಲ ಮೂಲೆಯ ಮಣ್ಣಿಗೆ ಸುರಿಯುತ್ತಿದ್ದರು.

"ಅವರು ಅದನ್ನ ಕೇಳ್ತಾರ," ಎಂದು ನನಗೆ ಒಮ್ಮೆ ಹೇಳಿದ್ದರು, "ಅದು ಅವರ ಕಣ್ಣ ಕೇಳ್ತೈತಿ."

ನನಗೆ ಬೇವಿನ ಗಿಡದವರೆಗೆ ಮಾತ್ರ ಹೋಗಲು ಅಪ್ಪಣೆ. ಅಲ್ಲಿಂದ ಸೌದೆ, ತಣ್ಣೀರು ಮುಟ್ಟಿಸಿ ವಾಪಸು ಬರಬೇಕು. ಗಿಡದ ಹಿಂದೆ ನಿಂತು ಅವರ ಬೆನ್ನು ನೋಡುತ್ತಿದ್ದೆ. ಅಗಲವಾದ ಬೆನ್ನು, ರವಿಕೆಯ ನಡುವೆ ಬೆವರಿನ ಒಂದು ಎಲೆಯಾಕಾರ. ಆ ಬೆನ್ನಿನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಭಟ್ಟಿಯ ಕಿಚ್ಚಿಗಿಂತ ಕಡಿಮೆಯದಾಗಿರಲಿಲ್ಲ.

ಭಟ್ಟಿಯದೊಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನಮ್ಮವರು ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸಂಜೆ ಬಂದು ಚಪ್ಪಲಿ ಬಿಟ್ಟರೆ ಕಾಲು ತಾನಾಗಿ ಅಣ್ಣನ ಮನೆಯ ಅಡುಗೆಮನೆಯ ಬಾಗಿಲಿಗೆ ಹೋಗುತ್ತಿತ್ತು. ಎರಡೂ ಮನೆಗೆ ಅಂಗಳ ಒಂದೇ. ವೈನಿ ಆ ಮನೆಗೆ ಬಂದಾಗ ಇವರು ಚಡ್ಡಿ ಹಾಕುತ್ತಿದ್ದ ಹುಡುಗ. ಅವರು ಇವರ ಅಂಗಿಯ ಹತ್ತಿರ ಮುಖ ತಂದು, ಮೂಗುಬೊಟ್ಟು ಮಿನುಗಿಸಿ, ಇವತ್ತು ಉಂಡಿಲ್ಲ ನೀನು, ಬರೀ ಚಹಾದ ಮೇಲಿದ್ದೀ ಎನ್ನುತ್ತಿದ್ದರು. ಇವರು ನಕ್ಕು, ಹೌದು ವೈನಿ ಎಂದು, ಯಾಕೆ ಉಣ್ಣಲಿಲ್ಲ ಎಂಬುದರಿಂದ ಹಿಡಿದು ಆ ದಿನದ್ದನ್ನೆಲ್ಲ ಅಲ್ಲೇ ಹೇಳಿ ಮುಗಿಸುತ್ತಿದ್ದರು. ನನ್ನ ಹತ್ತಿರ ಬರುವಷ್ಟರಲ್ಲಿ ಮಾತು ಖಾಲಿಯಾಗಿರುತ್ತಿತ್ತು. ಉಣ್ಣದೆ ವಾಪಸು ತಂದ ಡಬ್ಬಿ ಮಾತ್ರ ನನಗೆ. ಕಟ್ಟಿಕೊಟ್ಟವಳು ನಾನಲ್ಲವೇ?

ನಮ್ಮ ಮಗಳು ಹುಟ್ಟಿದಾಗ ನನ್ನ ತಾಯಿಗೆ ಆಪರೇಷನ್ ಆಗಿತ್ತು, ಬಾಣಂತನ ಮುಧೋಳದಲ್ಲೇ ಆಯಿತು. ವೈನಿ ಬೆಳ್ಳಿಯ ಬಟ್ಟಲಲ್ಲಿ ಒಂದು ಚಮಚೆ ಸೋಪಿನ ನೀರು ತಂದರು. ನಾನು ತುಟಿ ಬಿಗಿದೆ. ಶಾಲೆಯಲ್ಲಿ ಸಿಸ್ಟರ್ ಎದುರು ಕೈ ಚಾಚಿ, ಜೀವನದಲ್ಲಿ ಇದನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದವಳು ನಾನು. ಅವರು ಒತ್ತಾಯ ಮಾಡಲಿಲ್ಲ. ಸುರಿದದ್ದನ್ನು ಭರಣಿಗೆ ತಿರುಗಿ ಹಾಕುವ ರೂಢಿಯಿಲ್ಲ. ನನ್ನ ಕಾಲ ಹತ್ತಿರ ಕೂತು ಅದನ್ನು ಅಂಗೈಗೆ ಹಾಕಿಕೊಂಡು ಅಂಗಾಲಿಗೆ ತಿಕ್ಕಿದರು. ಮೊದಲು ತಣ್ಣಗೆ, ಆಮೇಲೆ ಬಿಸಿ, ಆಮೇಲೆ ನಿದ್ದೆ. ಬಾಣಂತನ ಮುಗಿಯುವವರೆಗೂ ಹೀಗೇ ನಡೆಯಿತು. "ಬಾಯಿಗಿ ಆಣಿ ಐತಿ, ಕಾಲಿಗೇನ ಆಣಿ?" ಎಂದು ನಗುತ್ತಿದ್ದರು. ಇಷ್ಟು ಮಾಡಿದವರ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗಬೇಕಲ್ಲ. ಆಗಲಿಲ್ಲ. ಒಬ್ಬರಿಗೇ ಇಷ್ಟೆಲ್ಲ ಬರುತ್ತದಲ್ಲ ಎಂದು ಹೆಚ್ಚಾಯಿತು.

ಅವರ ತವರು ಬೀಳಗಿಯ ಹತ್ತಿರ, ನದಿಯ ದಂಡೆಯಲ್ಲಿತ್ತು. ಭಟ್ಟಿಯ ಗುಲಾಬಿ ಅಲ್ಲಿಂದಲೇ ಬುಟ್ಟಿಯಲ್ಲಿ ಬರುತ್ತಿತ್ತು. ಹಿನ್ನೀರು ಬಂದು ತೋಟ, ಮನೆ ಎರಡೂ ಹೋದವು. ತವರಿನವರು ಪುನರ್ವಸತಿಯ ಊರಿಗೆ ಹೋದರು. ಆಮೇಲೆ ಒಂದು ಮದುವೆಗೆಂದು ಬಸ್ಸಿನಲ್ಲಿ ಬೀಳಗಿ ದಾಟುವಾಗ ವೈನಿ ಕಿಟಕಿಯ ಸರಳು ಹಿಡಿದು ನೀರಿನ ಕಡೆ ನೋಡುತ್ತಲೇ ಇದ್ದರು. ಮೂಗುಬೊಟ್ಟು ಅಲುಗುತ್ತಿತ್ತು. ಗುಲಾಬಿಯ ವಾಸನೆ ಬರುತ್ತಿದೆ ಎಂದು ಹೇಳುತ್ತಾರೇನೋ ಎಂದುಕೊಂಡೆ. "ಬರೇ ಕೆಸರ ನಾರತೈತಿ" ಎಂದರು. ನಾನು ರೈಲ್ವೆ ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ಬೆಳೆದವಳು. ಅಳಲಿಕ್ಕೆ ಮುಳುಗಿದ ಒಂದು ತವರಾದರೂ ಇದೆಯಲ್ಲ ಇವರಿಗೆ ಎಂದು ಅದರ ಮೇಲೂ ನನಗೆ ಕಿಚ್ಚು. ಜಮಖಂಡಿಯ ಸಂತೆಯಿಂದ ನಾನೇ ಗುಲಾಬಿ ತಂದುಕೊಡತೊಡಗಿದೆ. ಮಾಲೆಯ ಹೂ, ಬಣ್ಣ ಬಹಳ, ಗಂಧ ಇಲ್ಲ ಎಂದು ಪ್ರತಿ ವರ್ಷ ಬೈಸಿಕೊಂಡೆ.

ಸಾರಾಯಿ ಬಂದ್ ಆದ ವರ್ಷ ನಮ್ಮವರು ಅಂಗಳದಲ್ಲಿ ನಿಂತು, ಇದೇ ಕೊನೆಯ ಭಟ್ಟಿ ಎಂದರು. ಮನೆಮನೆ ತಪಾಸಣೆಯ ಸುದ್ದಿ ಇತ್ತು, ಇವರದು ನೌಕರಿ. ಭಾವನವರೂ ತಲೆಯಾಡಿಸಿದರು. ವೈನಿ ವಾದಿಸಲಿಲ್ಲ. ಕೊನೆಯದಾದರೆ ಕೊನೆಯದಕ್ಕೆ ತಕ್ಕ ಹಾಗೆ ಆಗಲಿ, ಖಂಡೇನವಮಿಗೆ ಎಲ್ಲ ಬಳಗ ಕರೆಯಿರಿ ಎಂದಷ್ಟೇ ಹೇಳಿದರು.

ಅದೇ ಮಳೆಗಾಲದಲ್ಲಿ ಊರಲ್ಲೆಲ್ಲ ಜ್ವರ. ವೈನಿಯೂ ಹಾಸಿಗೆ ಹಿಡಿದು ಎದ್ದರು. ಎದ್ದ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ನಾನು ಅಂಗಳದಲ್ಲಿದ್ದೆ, ಅವರ ಒಲೆಯ ಮೇಲೆ ಹಾಲು ತಳ ಹತ್ತಿ ಹೊತ್ತುತ್ತಿತ್ತು. ನನಗೆ ಅಂಗಳಕ್ಕೆ ಬಂತು ವಾಸನೆ. ಅವರು ಒಲೆಗೆ ಬೆನ್ನು ಹಾಕಿ ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಿದ್ದರು. ಮೂಗುಬೊಟ್ಟು ಅಲುಗಲಿಲ್ಲ.

ಆಮೇಲೆ ಗಮನಿಸಿದೆ. ಸಂಜೆ ಇವರು ಬಂದಾಗ ವೈನಿ ಅಂಗಿಯ ಹತ್ತಿರ ಮುಖ ತರುತ್ತಿದ್ದರು, ಆದರೆ ಕಣ್ಣು ಇವರ ತುಟಿಯ ಮೇಲೆ, ಕೈಯಲ್ಲಿನ ಡಬ್ಬಿಯ ತೂಕದ ಮೇಲೆ. ನೋಡಿ ಹೇಳುತ್ತಿದ್ದರು, ಮೂಸಿ ಅಲ್ಲ. ಇಡೀ ಮನೆಯಲ್ಲಿ ಇದು ಯಾರಿಗೂ ತಿಳಿಯಲಿಲ್ಲ. ಅವರನ್ನು ಅಷ್ಟು ವರ್ಷ ನನ್ನ ಹಾಗೆ ನೋಡಿದವರು ಯಾರಿದ್ದರು? ಪ್ರೀತಿಯಿಂದ ನೋಡುವವರಿಗೆ ಅಷ್ಟು ಕಾಣುವುದಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ಒಳ್ಳೆಯತನದಿಂದಲ್ಲ. ಹೇಳಿದರೆ ಕೊನೆಯ ಭಟ್ಟಿ ಏಳುವುದೇ ಇಲ್ಲ. ನಾನು ಬೇವಿನ ಗಿಡ ದಾಟುವುದೂ ಇಲ್ಲ.

ಭಟ್ಟಿಯ ದಿನ ಮಧ್ಯಾಹ್ನ, ಓಣಿ ಉಂಡು ಮಲಗಿದ್ದ ಹೊತ್ತು. ತಾಮ್ರದ ಹಂಡೆಗೆ ಹಿಟ್ಟು ಮೆತ್ತಿ ಮುಚ್ಚಿಯಾಗಿತ್ತು, ಕೆಳಗೆ ಬೆಂಕಿ ಹದಕ್ಕೆ ಬಂದಿತ್ತು. ನಾನು ಕೊಡ ಇಳಿಸಿ ತಿರುಗಿದೆ.

"ಏ ಕಾನ್ವೆಂಟ, ಬಾ ಇಲ್ಲಿ. ಕೂಡ."

ಹೋಗಿ ಕೂತೆ. ಅವರು ನನ್ನ ಕಡೆ ನೋಡಲಿಲ್ಲ.

"ನಿನಗ ಗೊತ್ತಾಗೇತಿ, ಹೌದಲ್ಲ?"

"ಹೌದ್ರೀ ವೈನಿ."

"ಯಾರ ಮುಂದರ ಅಂದೀಯೇನ?"

"ಇಲ್ರೀ."

"ಹಂಗಾರ ಮೂಸು. ಏನ ಬರಾಕತ್ತೈತಿ ಹೇಳ."

ನಳಿಗೆಯ ಬಾಯಲ್ಲಿ ಮೊದಲ ಹನಿಗಳು ಬಂದಿದ್ದವು. ಆಸ್ಪತ್ರೆಯ ಸ್ಪಿರಿಟ್ಟಿನ ಹಾಗೆ ಎಂದೆ. ಅವರಿಗೆ ಸಿಟ್ಟು ಬಂತು. "ದವಾಖಾನಿದು ಬ್ಯಾಡ, ಮನ್ಯಾಗಿಂದು ಹೇಳ." ಕಣ್ಣು ಮುಚ್ಚಿಕೊಂಡು ಮತ್ತೆ ಮೂಸಿದೆ. ಹೊಸದಾಗಿ ಸುಣ್ಣ ಬಳಿದ ಗೋಡೆ ಎಂದೆ. ಅವರ ಮುಖ ಸಡಿಲವಾಯಿತು. ಅತ್ತೆಯೂ ಅದಕ್ಕೆ ಸುಣ್ಣದ ಗೋಡೆ ಅನ್ನುತ್ತಿದ್ದರಂತೆ. ಅದು ಹೋಗುವ ತನಕ ಚೆಲ್ಲಬೇಕು. ಚೆಲ್ಲಿದರು. ಆಮೇಲೆ ಬಡೇಸೋಪು ಬಂತು, ಅದರ ಹಿಂದೆ ಏಲಕ್ಕಿ, ಅದರ ಒಳಗೆ ಯಾವುದೋ ಇನ್ನೊಂದು. ಮಾತಿಗಾಗಿ ತಡಕಾಡಿದೆ. ಹಾಲು ಕುಡಿದು ಮಲಗಿದ ಕೂಸಿನ ಗಲ್ಲದ ಹಾಗೆ ಎಂದೆ. ವೈನಿ ತಟ್ಟನೆ ತಂಬಿಗೆ ಬದಲಿಸಿ ಭರಣಿಯ ಪಾತ್ರೆ ಇಟ್ಟರು. ಇದೇ ಬೇಕಾದ್ದು, ಇದಕ್ಕೆ ಅತ್ತೆ ಹಾಲುಗಲ್ಲ ಅನ್ನುತ್ತಿದ್ದರು, ಕೊನೆಗೆ ತೊಯ್ದ ಕಂಬಳಿ ಬರುತ್ತದೆ, ಬಂದ ಕೂಡಲೇ ಹೇಳು, ಒಂದು ಬೊಗಸೆ ಕಂಬಳಿ ಸೇರಿದರೆ ಭರಣಿಯೆಲ್ಲ ಕೆಟ್ಟಿತು ಎಂದರು. ಅಷ್ಟು ವರ್ಷ ನನಗೆ ಕೊಡದ ವಿದ್ಯೆ ಒಂದು ಮಧ್ಯಾಹ್ನದಲ್ಲಿ, ಬೇರೆ ದಾರಿಯಿಲ್ಲದೆ, ಅವರ ಬಾಯಿಂದ ಬಿತ್ತು.

ಪಾತ್ರೆ ಅರ್ಧದ ಮೇಲೆ ಸ್ವಲ್ಪವಷ್ಟೇ ಏರಿತ್ತು, ಅಷ್ಟರಲ್ಲಿ ನನಗೆ ಕಂಬಳಿ ಬಂತು. ಬಹಳ ತೆಳ್ಳಗೆ, ಮಳೆಯಲ್ಲಿ ದೂರ ಹೋಗುತ್ತಿರುವ ಕುರುಬನ ಹೆಗಲ ಮೇಲಿನದರ ಹಾಗೆ. ಹೇಳಿದೆ. ವೈನಿ ಪಾತ್ರೆ ನೋಡಿದರು. ಇಷ್ಟು ಬೇಗ ಎಂದೂ ಬಂದಿಲ್ಲ ಎಂದರು. ಇದು ಕೊನೆಯದು, ಬಳಗವೆಲ್ಲ ಬರುತ್ತದೆ, ಮುಂದಿನ ಬಾಣಂತಿಯರಿಗೂ ಇದರಲ್ಲೇ ಉಳಿಯಬೇಕು ಎಂದು ಲೆಕ್ಕ ಹಾಕಿದರು. ಜಮಖಂಡಿಯ ಗುಲಾಬಿ ನಂಬಿಕೆಯದಲ್ಲ, ಅದಕ್ಕೇ ಬೇಗ ಬಂದಿರಬೇಕು ಎಂದು ನಾನಂದೆ. ಅವರು ನಳಿಗೆಯ ಹತ್ತಿರ ಬಾಗಿ ದೀರ್ಘವಾಗಿ ಉಸಿರು ಎಳೆದರು. ಮೂಗುಬೊಟ್ಟು ನಿಂತಲ್ಲೇ ನಿಂತಿತ್ತು. ಆಮೇಲೆ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಸುಳ್ಳು ಹುಡುಕುತ್ತಿದ್ದರು. ಅವರ ಹೆಸರು ಕೆಡಿಸಬೇಕೆಂದರೆ ನನಗೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಪಾತ್ರೆ ತೆಗೆದರು.

ಖಂಡೇನವಮಿಯ ದಿನ ಅಂಗಳ ತುಂಬ ಬಳಗ. ಜಮಖಂಡಿಯಿಂದ ಅತ್ತೆಯ ತಂಗಿ ಬಂದಿದ್ದರು. ಮೂರು ತಲೆಮಾರಿನ ಸೋಪಿನ ನೀರು ಕಂಡ ನಾಲಿಗೆ, ಅವರ ಮಾತೇ ತೀರ್ಪು. ಕತ್ತಿಗೆ ತೋರಿಸಿದ ಮೇಲೆ ವೈನಿ ಬಟ್ಟಲು ಕೊಟ್ಟರು. ಮುದುಕಿ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತರು. ನಾನು ಕಂಬದ ಹತ್ತಿರ ನಿಂತಿದ್ದೆ. ಕೊನೆಗೆ ಅವರು, ನಮ್ಮಕ್ಕನ ಕೈಯದಕ್ಕಿಂತ ಛಲೋ ಆಗಿದೆ ಎಂದರು. ಗಂಡಸರೆಲ್ಲ ಹೌದೆಂದರು. ನಮ್ಮವರ ಕಣ್ಣಲ್ಲಿ ನೀರು. ವೈನಿಯ ಮೂಗಿನಂಥ ಮೂಗಿಲ್ಲ ಎಂದು ಅವರೇ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದು. ವೈನಿ ಸೆರಗು ಸರಿಮಾಡಿಕೊಂಡು, ಎಲ್ಲ ತಾಯಿಯ ಆಶೀರ್ವಾದ ಎಂದರು. ಒಮ್ಮೆ ನನ್ನ ಕಡೆ ತಿರುಗುತ್ತಾರೆ ಎಂದು ಕಾದೆ. ತಿರುಗಲಿಲ್ಲ.

ಪಾತ್ರೆ ತೊಳೆಯುವಾಗ ನನ್ನ ಬಾಯಿ ತಡೆಯಲಿಲ್ಲ. "ಒಂದ ಮಾತ ಅನ್ನಬಹುದಿತ್ತಲ್ರೀ ವೈನಿ," ಎಂದೆ.

ಅವರು ಬೂದಿ ಹಚ್ಚುತ್ತಿದ್ದ ಕೈ ನಿಲ್ಲಿಸಲಿಲ್ಲ. "ನಮ್ಮತ್ತಿ ನನಗ ಅಂದಿದ್ರೇನು? ಅವರಿಗಿ ವಯಸ್ಸಾಗಿ ಮೂಗ ಹೋಗಿತ್ತು. ಅವರ ಕಡೀ ಭಟ್ಟಿಗೋಳು ನಾ ಮೂಸೇನಿ. ಹೆಸರ ಅವರದ ಆತು. ಎಷ್ಟ ಉರಕೊಂಡೇನಿ ಗೊತ್ತೈತೇನ ನಿನಗ?" ತಂಬಿಗೆ ತಿರುವಿ ಬೂದಿ ಹಚ್ಚುತ್ತ ಹೇಳಿದರು, "ಹಿಂಗ ಉರಕೊಂತನ ಕಲಿಯೂದು ಇದು."

ನನಗೆ ಅವರು ಕೊಟ್ಟದ್ದು ಆ ಮಾತು. ಅದಕ್ಕಿಂತ ಹತ್ತಿರ ನಾವಿಬ್ಬರೂ ಎಂದೂ ಬರಲಿಲ್ಲ. ಆದರೂ ಲೆಕ್ಕ ಸರಿಹೋಗಲಿಲ್ಲ. ಅತ್ತೆ ಹೋದ ಮೇಲೆ ಅವರ ಸರತಿ ಬಂದಿತ್ತು, ಹೆಸರೂ ಬಂದಿತ್ತು. ಹಬ್ಬ ಕಳೆದ ಮಾರನೆಯ ದಿನವೇ ನಮ್ಮವರು ತಾಮ್ರದ ಹಂಡೆಯನ್ನೂ ನಳಿಗೆಯನ್ನೂ ಚೀಲದಲ್ಲಿ ಕಟ್ಟಿ, ಹಳೆ ತಾಮ್ರ ಕರಗಿಸುವ ತಾಂಬಟಗಾರನಿಗೆ ಕೊಟ್ಟು ಬಂದರು. ನನ್ನ ಸರತಿ ಆ ಚೀಲದಲ್ಲಿ ಹೋಯಿತು.

ವೈನಿ ಆಮೇಲೂ ಕೆಲವು ವರ್ಷ ಇದ್ದರು. ವಾಸನೆ ತಿರುಗಿ ಬರಲಿಲ್ಲ. ಅಂಗಳದಲ್ಲಿ ಕೂತಾಗ ಯಾರೂ ಇಲ್ಲವೆಂದು ನೋಡಿ, ಏನು ಬರುತ್ತಿದೆ ಎಂದು ನನ್ನನ್ನು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಸಂಜೆ ಅದನ್ನೇ ಎಲ್ಲರ ಮುಂದೆ ತಮ್ಮದಾಗಿ ಹೇಳುತ್ತಿದ್ದರು. ಒಂದು ಚಳಿಗಾಲ ಹೆಚ್ಚು ನರಳದೆ ಹೋದರು. ದಿನಕರ್ಮ ಮುಗಿದ ಮೇಲೆ ಭರಣಿಯ ತಳದಲ್ಲಿದ್ದದ್ದನ್ನು ಹಿರಿಯರಿಗೆ ಬಡಿಸುವ ಕೆಲಸ ನನ್ನ ಪಾಲಿಗೆ ಬಂತು. ಜಮಖಂಡಿಯ ಮುದುಕಿಯನ್ನು ಇಬ್ಬರು ಹಿಡಿದು ಕೂರಿಸಿದ್ದರು. ಅವರು ತುಟಿ ಒರೆಸಿಕೊಂಡು, ಅಂಥ ಮೂಗು ಈ ಮನೆಯಲ್ಲಿ ಇನ್ನು ಹುಟ್ಟುವುದಿಲ್ಲ ಎಂದು ನನ್ನ ಕೈ ಹಿಡಿದು ಅತ್ತರು.

"ಖರೆ ಐತ್ರೀ," ಎಂದೆ. ನಮ್ಮ ಮನೆಯ ಸೊಸೆಯಂದಿರು ಹಾಗೇ ಹೇಳುತ್ತ ಬಂದಿದ್ದಾರೆ.