ಮದುವೆಗೆ ಮುಂಚೆ ಎದೆ ಬೆಳೆಸಲು ಹೊರಟಿದ್ದು

ನಿಶ್ಚಿತಾರ್ಥದ ಫೋಟೋಗಳು ವಾಟ್ಸಾಪಿಗೆ ಬಂದ ದಿನವೇ ನಾನು ಜಿಮ್ಮಿಗೆ ಹೋಗುವುದೆಂದು ತೀರ್ಮಾನಿಸಿದೆ. ಫೋಟೋದಲ್ಲಿ ನನ್ನ ಪಕ್ಕ ನಿಂತಿದ್ದವಳು ಹರಿಹರದ ಹುಡುಗಿ. ಹೈಸ್ಕೂಲೊಂದರಲ್ಲಿ ವ್ಯಾಯಾಮ ಶಿಕ್ಷಕಿ, ಓದುವ ಕಾಲಕ್ಕೆ ಗುಂಡು ಎಸೆತದಲ್ಲಿ ಕಪ್ ಗೆದ್ದವಳು. ರೇಷ್ಮೆ ಸೀರೆಯಲ್ಲೂ ಅವಳ ಭುಜ ಅಗಲವಾಗಿ, ನೆಟ್ಟಗೆ ಕಾಣುತ್ತಿತ್ತು. ಪಕ್ಕದಲ್ಲಿ ನಾನು, ಹ್ಯಾಂಗರಿಗೆ ನೇತುಹಾಕಿದಂಥ ಹೊಸ ಜುಬ್ಬದೊಳಗೆ. ಅವ್ವ ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿ, "ಜುಬ್ಬ ಚೆಂದ ಐತೆ" ಎಂದಳು. 

ದಾವಣಗೆರೆಯಲ್ಲಿ ನಮ್ಮದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಕೌಂಟರಿನ ಮೇಲೆ ಬಾಗಿ ಕೂರುವ ಕೆಲಸ. ಕೂತು ಕೂತು ಎದೆ ಒಳಗೆ ಹೋಗಿತ್ತು. ದೊಡ್ಡಪ್ಪನ ಮಗ ಮೊದಲಿನಿಂದಲೂ ಸರಸ್ವತಿ ನಗರದ ಜಿಮ್ಮೊಂದಕ್ಕೆ ಹೋಗುತ್ತಿದ್ದ. ಅವನದು ಅಂಗಿಯ ಗುಂಡಿ ಎಳೆದಾಡುವಂಥ ಎದೆ. ಮರುದಿನ ಬೆಳಿಗ್ಗೆ ಅವನ ಬೈಕಿನ ಹಿಂದೆ ಕೂತು ನಾನೂ ಹೋದೆ.

"ಅಣ್ಣ, ಮದುವೆಗೆ ಇನ್ನೂ ಕೆಲವು ತಿಂಗಳೈತೆ. ಅಷ್ಟರೊಳಗೆ ಎದೆ ಬರ್ತೈತಾ?"

"ಯಾಕ ಬರಲ್ಲ? ಫ್ಲ್ಯಾಟ್ ಬೆಂಚ್ ಹಿಡ್ಕ. ಮಲಗು, ಭಾರ ಹಾಕು, ಎತ್ತು. ನಾ ಬೇರೆ ಏನೂ ಮಾಡಿಲ್ಲ, ನೋಡು" ಎಂದು ಎದೆ ತಟ್ಟಿಕೊಂಡ.

ಅಲ್ಲೇ ನಿಂತಿದ್ದ ಟ್ರೈನರ್ ತಲೆ ಅಲ್ಲಾಡಿಸಿದರು. "ಅವ್ರ ಮಾತು ಕೇಳಬ್ಯಾಡ್ರಿ. ಫ್ಲ್ಯಾಟ್ ಒಂದನ್ನೇ ಮಾಡಿದ್ರೆ ಎದೆ ನಡುವೆ ತುಂಬ್ತೈತೆ, ಮೇಲೆ ಖಾಲಿ ಉಳೀತೈತೆ. ಕುತ್ತಿಗೆ ಕೆಳಗೆ ತುಂಬಬೇಕು ಅಂದ್ರೆ ಇನ್‌ಕ್ಲೈನ್ ಮಾಡ್ರಿ."

ಫ್ಲ್ಯಾಟ್ ಅಂದರೆ ಮಟ್ಟಸವಾದ ಬೆಂಚು, ಇನ್‌ಕ್ಲೈನ್ ಅಂದರೆ ತಲೆಯ ಕಡೆ ಎತ್ತರಿಸಿದ ಓರೆ ಬೆಂಚು. ಅದರ ಮೇಲೆ ಒರಗಿ ಬಾರ್, ಅಂದರೆ ಭಾರ ಹಾಕಿದ ಕಬ್ಬಿಣದ ಸಲಾಕೆ, ಎತ್ತಬೇಕು. ಇಬ್ಬರ ವಾದವೂ ನಾನು ನಿಂತಲ್ಲೇ ಬಿಸಿಯೇರಿತು. ಫ್ಲ್ಯಾಟ್ ಬೆಂಚಿನಲ್ಲಿ ಹೆಚ್ಚು ಭಾರ ಎತ್ತಬಹುದು ಎನ್ನುವುದು ಅಣ್ಣನ ಹಟ, ಭಾರ ಎತ್ತುವುದೇ ಎಲ್ಲ ಅಲ್ಲ ಎನ್ನುವುದು ಟ್ರೈನರ್ ಮಾತು. ಅಣ್ಣ ಮನೆಯವನು, ಬೈಕೂ ಅವನದೇ. ನಾನು ಫ್ಲ್ಯಾಟ್ ಬೆಂಚಿನ ಮೇಲೆ ಮಲಗಿದೆ.

ಮೊದಲ ವಾರಗಳು ಭರ್ಜರಿಯಾಗಿದ್ದವು. ಎದೆ ನೋಯುತ್ತಿತ್ತು, ಆ ನೋವೇ ಖುಷಿ ಕೊಡುತ್ತಿತ್ತು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಅಂಗಿಯ ಮೇಲಿಂದಲೇ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಆಮೇಲೆ ದುರಾಸೆ ಶುರುವಾಯಿತು. ಒಂದು ಬೆಳಿಗ್ಗೆ ಫೋನ್ ಬಂತೆಂದು ಅಣ್ಣ ಕೆಳಗಿಳಿದು ಹೋದ. ನಾನು ಬಾರಿನ ಎರಡೂ ಕಡೆ ಒಂದೊಂದು ಭಾರದ ಪ್ಲೇಟು ಹೆಚ್ಚಿಗೆ ಸೇರಿಸಿ ಮಲಗಿದೆ. ಬಾರ್ ಸಲೀಸಾಗಿ ಇಳಿದು ಬಂತು. ಎದೆಯ ಮೇಲೆ ಕೂತಿತು. ಮತ್ತೆ ಏಳಲಿಲ್ಲ.

ಕೂಗೋಣವೆಂದರೆ ಉಸಿರಿಲ್ಲ. ಕಾಲು ಬಡಿದೆ. ಟ್ರೆಡ್‌ಮಿಲ್ಲಿನ ಮೇಲೆ ನಿಧಾನಕ್ಕೆ ನಡೆಯುತ್ತಿದ್ದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ನೋಡಿ ಓಡಿ ಬಂದರು, ಹಿಂದೆಯೇ ಟ್ರೈನರ್. ಇಬ್ಬರೂ ಸೇರಿ ಬಾರ್ ಎತ್ತಿದರು. ನಾನು ಎದ್ದು ಕೂತು ನೀರು ಕುಡಿಯುವಾಗ ಆ ಹಿರಿಯರು ನನ್ನ ಬೆನ್ನು ಸವರುತ್ತ, "ಮದುವಿ ಐತಂತಲ್ಲಪ್ಪ, ಅಲ್ಲೀತನಕ ಉಸಿರು ಉಳಿಸ್ಕ" ಎಂದರು. ಇಡೀ ಜಿಮ್ ನಕ್ಕಿತು. ಸುಧಾರಿಸಿಕೊಂಡ ಮೇಲೆ ನಾನೂ ನಕ್ಕೆ.

ಅಂದಿನಿಂದ ಟ್ರೈನರ್ ಶಿಷ್ಯನಾಗಿ ಓರೆ ಬೆಂಚಿಗೆ ಹೋದೆ. ಗೆದ್ದ ಸಂಭ್ರಮದಲ್ಲಿ ಅವರು ಬೆಂಚನ್ನು ಹೆಚ್ಚುಕಡಿಮೆ ಕುರ್ಚಿಯಷ್ಟೇ ನೆಟ್ಟಗೆ ನಿಲ್ಲಿಸಿದರು. "ಮೇಲಿನ ಎದೆ ಹೆಂಗೆ ಬರ್ತೈತೆ ನೋಡ್ರಿ" ಎಂದರು. ಬಂದದ್ದು ಭುಜದ ನೋವು. ದಿನ ಕಳೆದಂತೆ ತಲೆ ಬಾಚುವುದೂ ಕಷ್ಟವಾಯಿತು. ಅಂಗಡಿಯ ಮೇಲಿನ ಹಲಗೆಯಿಂದ ಡಬ್ಬ ಇಳಿಸಲು ಅಪ್ಪನನ್ನೇ ಕರೆಯಬೇಕಾಯಿತು. ಅಪ್ಪ ಡಬ್ಬ ಇಳಿಸಿಕೊಟ್ಟು, "ದುಡ್ಡು ಕೊಟ್ಟು ಕೈ ಕಳ್ಕಂಡು ಬಂದೀಯಲ್ಲೋ" ಎಂದ.

ಆ ಭಾನುವಾರ ಹರಿಹರದಿಂದ ಅವಳ ಫೋನ್. ಕೊಂಡಜ್ಜಿ ಕೆರೆ ನೋಡಿ ಬರೋಣ ಎಂದಳು. ನೋವು ನುಂಗಿಕೊಂಡು ಅಣ್ಣನ ಬೈಕ್ ಓಡಿಸಿದೆ. ಕೆರೆ ಏರಿಯ ಮೇಲೆ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಅವಳು ಫೋನನ್ನು ನನ್ನ ಕೈಗೆ ಕೊಟ್ಟು, "ನೀವು ಎತ್ತರ ಇದೀರಿ, ಮೇಲಿಂದ ಹಿಡೀರಿ, ಕೆರೆನೂ ಬರ್ಲಿ" ಎಂದಳು. ನಾನು ಕೈ ಎತ್ತಿದೆ. ಅದು ಗಲ್ಲದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.

"ಯಾಕ್ರೀ, ಏನಾಗೈತೆ?"

"ಏನಿಲ್ಲ, ಸ್ವಲ್ಪ ಹಿಡ್ಕಂಡೈತೆ."

"ಇನ್ನೊಂದು ಕೈ ಎತ್ರಿ ನೋಡಾಣ."

ಅದೂ ಏಳಲಿಲ್ಲ. ಬೇರೆ ದಾರಿ ಕಾಣದೆ ಎಲ್ಲ ಹೇಳಿದೆ. ಅಣ್ಣ, ಟ್ರೈನರ್, ಎದೆಯ ಮೇಲೆ ಕೂತ ಬಾರ್, ಬ್ಯಾಂಕಿನ ಹಿರಿಯರು. ಅವಳು ಏರಿಯ ಮೇಲೆಯೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಪೂರ್ತಿ ಮೇಷ್ಟ್ರ ಗತ್ತಿಗೆ ಬಂದಳು.

"ಬೆಂಚ್ ಎಷ್ಟು ಎತ್ತರ ಇಟ್ಟಿದ್ರು?"

ಕೈಯಲ್ಲಿ ತೋರಿಸಿದೆ.

"ಅಷ್ಟು ಎತ್ತರ ಇಟ್ರೆ ಎದೆಗಿಂತ ಭುಜಕ್ಕೇ ಕೆಲಸ ಜಾಸ್ತಿ ಬೀಳ್ತೈತ್ರೀ. ಮೊಣಕೈ?"

ಎರಡೂ ಮೊಣಕೈಗಳನ್ನು ಪಕ್ಕಕ್ಕೆ ಚಾಚಿ ತೋರಿಸಿದೆ. ಅವಳು ತಲೆ ಚಚ್ಚಿಕೊಂಡಳು. ಏರಿಯ ಇಳಿಜಾರಿನ ಹುಲ್ಲು ತೋರಿಸಿ, "ಇಲ್ಲಿ ಒರಗ್ರಿ. ಈ ಏರಿ ಎಷ್ಟು ಓರೆ ಐತೋ ಅಷ್ಟು ಸಾಕು" ಎಂದಳು. ಒರಗಿದೆ. ಎರಡು ಕೈಗೂ ಒಂದೊಂದು ನೀರಿನ ಬಾಟಲಿ ಕೊಟ್ಟು, ಮೊಣಕೈಗಳನ್ನು ಪಕ್ಕೆಯ ಕಡೆ ಸ್ವಲ್ಪ ತಂದಳು. "ಈಗ ನಿಧಾನ ಎತ್ರಿ. ನೋವಾದ್ರೆ ನಿಲ್ಸಿ." ಎತ್ತಿದೆ. ನೋವು ಅಷ್ಟಾಗಿ ಕಾಣಲಿಲ್ಲ.

ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬಳು ನಿಂತು ನೋಡಿದಳು. "ಏನಾಗೈತವ್ವ ಆ ಹುಡುಗಂಗೆ?"

"ಏನಿಲ್ಲಜ್ಜಿ, ಎದೆ ಬೆಳಸ್ತಾ ಇದೀವಿ" ಎಂದಳು ಇವಳು. ಅಜ್ಜಿ ನನ್ನನ್ನು ಇನ್ನೊಮ್ಮೆ ಕೂಲಂಕಷವಾಗಿ ನೋಡಿ, "ಬೆಳೀಲಿ, ಬೆಳೀಲಿ" ಎಂದು ಹರಸಿ ಹೋದಳು.

ಅಜ್ಜಿ ದೂರ ಹೋದ ಮೇಲೆ ಇವಳು ಮೆಲ್ಲಗೆ ಕೇಳಿದಳು. "ಇದೆಲ್ಲ ಯಾರಿಗೋಸ್ಕರ?"

"ನಿಮ್ಮ ಪಕ್ಕ ನಿಂತ್ಕಳಾಕೆ" ಎಂದೆ.

ಅವಳು ಹುಲ್ಲಿನ ಮೇಲೆ ನನ್ನ ಪಕ್ಕಕ್ಕೆ ಬಂದು ಕೂತಳು. "ನಿಮಗಿಂತ ಮುಂಚೆ ನೋಡಾಕೆ ಬಂದೋರೆಲ್ಲ ನಾ ಗೆದ್ದ ಕಪ್ ನೋಡಿ, ಹುಡುಗಿಗೆ ಇವೆಲ್ಲ ಯಾಕ ಅಂತಿದ್ರು. ನೀವೊಬ್ರೇ, ಗುಂಡು ಎಷ್ಟು ತೂಕ ಇರ್ತೈತೆ, ಹೆಂಗೆ ಹಿಡೀತೀರಿ ಅಂತ ಕೇಳಿದ್ದು. ನಾನು ಒಪ್ಪಿದ್ದು ಅದಕ್ಕೆ. ಎದೆ ಬೇಕಿದ್ರೆ ಬೆಳಸ್ಕಳ್ರಿ, ಬ್ಯಾಡ ಅನ್ನಲ್ಲ. ಮದುವಿ ದಿನ ಹಾರ ಹಾಕಾಕಾದ್ರೂ ಕೈ ಏಳ್ಲಿ."

ನಾನು ಬಾಟಲಿಗಳನ್ನು ಇನ್ನೂ ಒಂದಷ್ಟು ಸಲ ಎತ್ತಿದೆ.

ಭುಜಕ್ಕೆ ವಿಶ್ರಾಂತಿ ಕೊಟ್ಟೆ. ನೋವು ಹೋದ ಮೇಲೆ ಅವಳು ಹೇಳಿದಂತೆ ಸ್ವಲ್ಪವೇ ಓರೆಯಾದ ಬೆಂಚಿನಲ್ಲಿ ಹಗುರವಾದ ಡಂಬೆಲ್ ಹಿಡಿದು ಶುರುಮಾಡಿದೆ. ಆಮೇಲೆ ಫ್ಲ್ಯಾಟ್ ಬೆಂಚಿಗೂ ಮರಳಿದೆ, ಕಡಿಮೆ ಭಾರಕ್ಕೆ. ಒಂದು ದಿನ ಅವಳೇ ಜಿಮ್ ನೋಡಲು ದಾವಣಗೆರೆಗೆ ಬಂದಳು. ಓರೆ ಬೆಂಚಿನ ತಲೆಭಾಗವನ್ನು ಸ್ವಲ್ಪ ಇಳಿಸಿಟ್ಟು, ತಾನು ಫ್ಲ್ಯಾಟ್ ಬೆಂಚಿನ ಮೇಲೆ ಮಲಗಿದಳು. ನನ್ನ ಎದೆಯ ಮೇಲೆ ಕೂತಿದ್ದ ಭಾರಕ್ಕಿಂತ ಹೆಚ್ಚಿನದನ್ನು ಸದ್ದಿಲ್ಲದೆ ಎತ್ತಿ ಇಟ್ಟಳು.

"ನೋಡಿದ್ರಾ, ಫ್ಲ್ಯಾಟೇ!" ಎಂದ ಅಣ್ಣ.

"ಮೊದ್ಲು ಮುಟ್ಟಿದ್ದು ಓರೆ ಬೆಂಚನ್ನ, ನೋಡಿದ್ರಾ? ಇನ್‌ಕ್ಲೈನೇ!" ಎಂದರು ಟ್ರೈನರ್.

ಅವಳು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ, "ಎರಡೂ ಬೇಕು ಸರ್. ಯಾವುದು ಕಡಿಮಿ ಐತೋ ಅದನ್ನ ಮೊದ್ಲು ಮಾಡ್ಬೇಕು" ಎಂದಳು. ಇಬ್ಬರೂ ಒಪ್ಪಿದರು. ನಾವು ಮೆಟ್ಟಿಲಿಳಿಯುವಷ್ಟರಲ್ಲಿ ಮತ್ತೆ ಜಗಳ ಕೇಳಿಸಿತು.

ಮದುವೆಯಲ್ಲಿ ಹಾರ ಹಾಕುವ ಹೊತ್ತಿಗೆ ಅವಳ ಅಣ್ಣತಮ್ಮಂದಿರು ಅವಳನ್ನು ಎತ್ತಿ ಹಿಡಿದರು. ನನ್ನ ಕೈ ಸಲೀಸಾಗಿ ಎದ್ದಿತು. ಎದೆ ಎಷ್ಟು ಬೆಳೆದಿತ್ತೋ ಯಾರೂ ಅಳೆಯಲಿಲ್ಲ. ಈಗ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಜಿಮ್ಮಿಗೆ ಹೋಗುತ್ತೇವೆ. ನನ್ನದು ಮೊದಲು ಓರೆ ಬೆಂಚು, ಅವಳದು ಮೊದಲು ಫ್ಲ್ಯಾಟ್. ನಾನು ಎತ್ತುವಾಗ ಅವಳು ತಲೆಯ ಹಿಂದೆ ನಿಂತು, ಬಾರಿನ ಕೆಳಗೆ ಎರಡು ಬೆರಳು ಇಟ್ಟುಕೊಂಡು, "ಇನ್ನೊಂದು ಆಗ್ತೈತೆ, ಎತ್ರಿ" ಎನ್ನುತ್ತಾಳೆ. ಸಾಮಾನ್ಯವಾಗಿ ಆಗುತ್ತದೆ. ಆಗದಿದ್ದ ದಿನ ಅವಳು ಎತ್ತಿ ಇಡುತ್ತಾಳೆ, ಆಮೇಲೆ ಬೆಣ್ಣೆ ದೋಸೆ ತಿನ್ನಲು ಹೋಗುತ್ತೇವೆ.