ಹೂವಿನ ಹಿಂದಿನ ಕೆಂಪು ತಗಡು

ನಾನಿನ್ನೂ ಅಪ್ಪನ ಸೊಂಟದೆತ್ತರಕ್ಕೂ ಬಂದಿರದಷ್ಟು ಚಿಕ್ಕವನಿದ್ದಾಗ, ಅಪ್ಪ ಚಿನ್ನದ ಗಣಿಯ ಊರಿಗಾಂನ ಒಂದು ವರ್ಕ್‌ಶಾಪಿನಲ್ಲಿ ಕರೆಂಟಿನ ಕೆಲಸ ಮಾಡುತ್ತಿದ್ದರು. ಅದರೊಳಗೆ ಮಕ್ಕಳಿಗೆ ಪ್ರವೇಶವಿದ್ದುದು ಆಯುಧಪೂಜೆಯ ದಿನ ಮಾತ್ರ. ಆ ವರ್ಷ ಅಕ್ಕನೂ ನಾನೂ ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು, ಹೊಸ ಬಟ್ಟೆಗೆ ಎಂಜಿನ್ನಿನ ಕಲ್ಲಿದ್ದಲ ಕಿಡಿ ತಾಗದಂತೆ ಕಿಟಕಿಯಿಂದ ದೂರ ಕುಳಿತು ಹೋದೆವು.

ಒಳಗೆ ಕಾಲಿಟ್ಟಾಗ ನನಗೆ ಮೊದಲು ಭಯ ಹುಟ್ಟಿಸಿದ್ದು ಮೌನ. ಸದಾ ಗುಡುಗುವ ಯಂತ್ರಗಳೆಲ್ಲ ನಿಂತಿದ್ದವು. ಅವುಗಳಿಗೆ ವಿಭೂತಿ ಬಳಿದು ಕುಂಕುಮ ಇಟ್ಟಿದ್ದರು. ನಾವು ನಡೆದತ್ತ ಅವು ಕಣ್ಣು ಹೊರಳಿಸುತ್ತಿರುವಂತೆ ತೋರುತ್ತಿತ್ತು. ಬಾಗಿಲಲ್ಲಿ ಒಡೆದ ಬೂದುಗುಂಬಳದ ಕೆಂಪು ನೀರು ಎಣ್ಣೆ ಕುಡಿದ ನೆಲದ ಮೇಲೆ ಮೆಲ್ಲಗೆ ಹರಿಯುತ್ತಿತ್ತು.

ಅಪ್ಪ ಮಾತ್ರ ಇನ್ನೂ ಕೆಲಸದಲ್ಲಿದ್ದರು. ಭಾರ ಎತ್ತುವ ಕ್ರೇನಿಗೆ ವಿರಾಮ ಸಿಗುತ್ತಿದ್ದುದು ಆ ದಿನವೇ. ಅದಕ್ಕೆ ಕರೆಂಟು ಕೊಡುವ ಹೊದಿಕೆಯಿಲ್ಲದ ತಾಮ್ರದ ತಂತಿಗಳು ಸೂರಿನ ಕೆಳಗೆ ಹಾದುಹೋಗಿದ್ದವು, ಅವನ್ನು ಒರೆಸಬೇಕಿತ್ತು. ಅಪ್ಪ ಸ್ವಿಚ್ಚು ಇಳಿಸಿ, ಬಿಳಿ ಪಿಂಗಾಣಿಯ ಫ್ಯೂಸುಗಳನ್ನು ಕಿತ್ತು ಎದೆಯ ಜೇಬಿಗೆ ಹಾಕಿಕೊಂಡರು. ‘ಮೇಲೆ ಜನರಿದ್ದಾರೆ’ ಎಂದು ಬರೆದ ಕೆಂಪು ತಗಡನ್ನು ಸ್ವಿಚ್ಚಿಗೆ ನೇತುಹಾಕಿದರು.

“ಫ್ಯೂಜೆಲ್ಲಾ ಜೇಬಿಗಾಕ್ಕೊಂಡ್ಯಲ್ಲಾ, ಯಾರ್ಲಾ ಕದೀತಾರೆ? ಎಂಡ್ತಿ ವಾಲೆ ಅನ್ಕೊಂಡ್ಯಾ?” ಎಂದು ಮೇಸ್ತ್ರಿ ಕೆಣಕಿದರು.

“ಕದಿಯೋರ್ಗಲ್ಲಣ್ಣ, ಮರೆಯೋರ್ಗೆ” ಎಂದು ಅಪ್ಪ ಏಣಿ ಹತ್ತಿದರು.

ಸಾಂಬ್ರಾಣಿಯ ಹೊಗೆ ಸೂರಿಗೇರಿ ಅಪ್ಪನನ್ನು ನುಂಗಿತು. ಬಟ್ಟೆ ತಂತಿಗೆ ಉಜ್ಜುವ ಸರಸರ ಸದ್ದಷ್ಟೇ ಉಳಿಯಿತು. ಮೇಸ್ತ್ರಿ ಕಂಡದ್ದಕ್ಕೆಲ್ಲ ಚೆಂಡುಹೂವಿನ ಹಾರ ಹಾಕಿಸಿದರು. ಕ್ರೇನಿನ ಸ್ವಿಚ್ಚಿಗೂ ದಪ್ಪ ಹಾರ ಬಿತ್ತು. ಕೆಂಪು ತಗಡು ಅದರಡಿ ಮುಚ್ಚಿಹೋಯಿತು.

ಪೂಜೆಯಾದ ಮೇಲೆ ಪ್ರತಿಯೊಂದು ಯಂತ್ರವನ್ನೂ ಒಂದು ಗಳಿಗೆ ಓಡಿಸಿ ನಿಲ್ಲಿಸುವುದು ಅಲ್ಲಿಯ ಪದ್ಧತಿ. “ಬಿರ್‌ಬಿರ್ನೆ ಆಗ್ಲಿ, ರಾವುಕಾಲ ಬತ್ತೈತೆ” ಎನ್ನುತ್ತಾ ಮೇಸ್ತ್ರಿ ಆರತಿ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬಂದರು. ಅವರ ಕೈ ತಾಗಿದಂತೆ ಒಂದೊಂದೇ ಯಂತ್ರ ನಿದ್ದೆಯಿಂದೆದ್ದು ಮೊರೆದು ಮತ್ತೆ ಸುಮ್ಮನಾಯಿತು. ಕೊನೆಗೆ ಆ ಕೈ ಕ್ರೇನಿನ ಹಾರದೊಳಕ್ಕೆ ಹೋಯಿತು. ಹೊಗೆಯ ಸಂದಿನಲ್ಲಿ ನನಗೆ ಅಪ್ಪನ ಅಂಗಾಲುಗಳು ಕಂಡವು. ಕೂಗಲು ಬಾಯಿ ತೆರೆದೆ. ಅಕ್ಕನ ಉಗುರುಗಳು ನನ್ನ ತೋಳಿಗೆ ನಾಟಿದವು.

ಸ್ವಿಚ್ಚು ಖಟ್ ಎಂದಿತು.

ಕ್ರೇನಿನ ದೀಪ ಹೊತ್ತಲಿಲ್ಲ. “ಇದ್ಯಾಕ್ಲಾ ಅತ್ತಿಲ್ಲ?” ಎಂದು ಮೇಸ್ತ್ರಿ ಗೊಣಗಿದರು.

ಹೊಗೆಯೊಳಗಿಂದ ದನಿಯೊಂದು ಇಳಿದುಬಂತು: “ಅಣ್ಣ, ಆ ಹೂವ ವಸಿ ಎತ್ತಿ ನೋಡು.”

ಮೇಸ್ತ್ರಿ ಹಾರ ಎತ್ತಿದರು. ಅಡಿಯಲ್ಲಿ ಕೆಂಪು ತಗಡು ಕಂಡಿತು. ಸ್ವಿಚ್ಚನ್ನು ಮತ್ತೆ ಇಳಿಸಿ, ಅಪ್ಪ ನೆಲ ಮುಟ್ಟುವವರೆಗೂ ಅಲ್ಲಿಂದ ಕದಲಲಿಲ್ಲ.

ಅಪ್ಪ ಬಂದು ಫ್ಯೂಸುಗಳನ್ನು ನನ್ನ ಅಂಗೈಗೆ ಹಾಕಿದರು. ಎದೆಯ ಬಿಸಿಗೆ ಅವು ಬೆಚ್ಚಗಿದ್ದವು. ಆಮೇಲೆ ಅವನ್ನು ತಮ್ಮ ಕೈಯಿಂದಲೇ ಫ್ಯೂಸಿನ ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ಚು ಏರಿಸಿದರು. ನಾನು ತಂತಿಯನ್ನು ದಿಟ್ಟಿಸಿದೆ. ಕರೆಂಟು ಇಲ್ಲದಾಗ ಹೇಗಿತ್ತೋ ಬಂದ ಮೇಲೂ ಹಾಗೆಯೇ ಹೊಳೆಯುತ್ತಿತ್ತು.

ಮಕ್ಕಳೇ, ನಿಮ್ಮ ಮನೆಯಲ್ಲಿ ತಂತಿಗಳು ಕಣ್ಣಿಗೇ ಬೀಳುವುದಿಲ್ಲ. ಗೋಡೆಯೊಳಗೆ ಅಡಗಿ ಕುಳಿತಿವೆ. ಮೊನ್ನೆ ಫ್ಯಾನು ರಿಪೇರಿಯವನು ಏಣಿ ಹತ್ತಿದಾಗ ನಾನು ಫ್ಯೂಸು ಕಿತ್ತು ಮುಷ್ಟಿಯಲ್ಲಿ ಹಿಡಿದು ಕುಳಿತೆ. “ಸ್ವಿಚ್ ಆಫ್ ಮಾಡಿದೀವಲ್ಲ ತಾತ” ಎಂದು ನೀವು ನಕ್ಕಿರಿ. ಅವನು ಇಳಿದ ಮೇಲೆ ಮುಷ್ಟಿ ಬಿಚ್ಚಿದೆ. ಮುಟ್ಟಿ ನೋಡಿದಿರಲ್ಲ, ಅದು ಬೆಚ್ಚಗಿತ್ತು.