ಹವಳಗಲ್ಲಿನ ಗುರುತು

ನನ್ನ ಅಣ್ಣ ಲಿಯೋನ್ಸ್‌ನನ್ನು ಊರವರು ಈಗ ಹಕ್ಕಿ ತಿಂದ ಕಾವಲುಗಾರ ಅನ್ನುತ್ತಾರೆ. ಅನ್ನಲಿ. ತಿಂದದ್ದು ನಿಜ, ನಾನೂ ತಿಂದಿದ್ದೇನೆ. ಆದರೆ ಬಡಿಸಿದವನ ಹೆಸರನ್ನು ಒಬ್ಬರೂ ಎತ್ತುವುದಿಲ್ಲವಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯುತ್ತದೆ.

ಅತ್ತಿಗೆ ಹೆರಿಗೆಯಲ್ಲಿ ತೀರಿಕೊಂಡಾಗ ಅಣ್ಣ ಕೂಸು ಸಿಲ್ವೆತ್‌ಳನ್ನು ನನ್ನ ಮಡಿಲಿಗೆ ಹಾಕಿ, ನಮ್ಮ ಪ್ರಾಸ್ಲಿನ್ ದ್ವೀಪದ ದಡದಿಂದ ಕಾಣುವ ಪುಟ್ಟ ನಡುಗಡ್ಡೆಗೆ ಕಾವಲಿಗೆ ಹೋದ. ಅಲ್ಲಿನ ಪಯಾಂಕೆ ಹಕ್ಕಿಗಳೇ ಅವನ ಸಂಸಾರ. ಪಯಾಂಕೆ ಹಾಲಿನಷ್ಟು ಬಿಳುಪು. ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ, ಹಳದಿ ಕೊಕ್ಕು, ಹಿಂದೆ ಮೈಯಷ್ಟೇ ಉದ್ದಕ್ಕೆ ಇಳಿಬಿದ್ದ ಬಾಲದ ಗರಿ ಎರಡು. ಬೆಚ್ಚಗಿನ ಸಮುದ್ರ ಇರುವಲ್ಲೆಲ್ಲ ಈ ಹಕ್ಕಿ ಇದೆ, ಆಫ್ರಿಕಾದ ಆಚೆ ಮಗ್ಗುಲಲ್ಲೂ ನೋಡಿದ್ದೇವೆ ಎಂದು ಹಡಗಿನವರು ಹೇಳುತ್ತಾರೆ. ಎಲ್ಲಿದ್ದರೇನು ಬಂತು? ಹಾರುವಾಗ ರಾಣಿ, ನೆಲಕ್ಕಿಳಿದರೆ ನಡೆಯಲೂ ಬಾರದು, ಎದೆಯೂರಿ ತೆವಳಬೇಕು. ಮರದ ಬುಡದಲ್ಲಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಮನುಷ್ಯರು ಹತ್ತಿರ ಬಂದರೂ ಎದ್ದು ಹೋಗುವುದಿಲ್ಲ, ಕೈಯಲ್ಲೇ ಎತ್ತಿಕೊಳ್ಳಬಹುದು.

ನೋಡಲು ಬಂದವರು ಮರಿ ತುಳಿದಾರೆಂದು ಅಣ್ಣ ಗೂಡಿದ್ದ ಪ್ರತಿ ಮರದ ಮುಂದೆ ಒಂದೊಂದು ಬಿಳಿ ಹವಳಗಲ್ಲು ಇಟ್ಟಿದ್ದ. ಆ ಕಲ್ಲಿನ ಅರ್ಥ ಅವನಿಗೆ ಬಿಟ್ಟರೆ ಗೊತ್ತಿದ್ದದ್ದು ಗಾಸ್ತೋಗೆ ಮಾತ್ರ. ಗಾಸ್ತೋ ದೋಣಿಯವನು, ವಾರಕ್ಕೊಮ್ಮೆ ಅಣ್ಣನಿಗೆ ಅಕ್ಕಿ, ಬೇಳೆ ತಲುಪಿಸುವವನು. ಸಿಲ್ವೆತ್‌ಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡ ಧರ್ಮತಂದೆಯೂ ಅವನೇ. ನಮ್ಮಲ್ಲಿ ಅಪ್ಪನೂ ಧರ್ಮತಂದೆಯೂ ಒಬ್ಬರನ್ನೊಬ್ಬರು ಕೊಂಪೇ ಅನ್ನಬೇಕು. ಅದು ಒಡಹುಟ್ಟಿದವರಿಗಿಂತ ದೊಡ್ಡ ನಂಟು.

"ಇದೇನೋ ಕೊಂಪೇ, ಗೋರಿ ಥರ ಕಲ್ಲಿಟ್ಟಿದ್ದೀಯ?"

"ಬಿಡ್ತು ಅನ್ನೋ! ಕಲ್ಲಿದ್ದ ಕಡೆ ಮರಿ ಇದೆ. ನೋಡ್ಕೊಂಡು ಕಾಲಿಡು, ಯಾರಿಗೂ ಬಾಯಿ ಬಿಡ್ಬೇಡ."

"ನನ್ನ ಧರ್ಮಮಗಳ ಮೇಲಾಣೆ," ಅಂದನಂತೆ ಆ ಪುಣ್ಯಾತ್ಮ.

ಈ ವರ್ಷ ಅಕ್ಕಪಕ್ಕದ ನಡುಗಡ್ಡೆಗಳಲ್ಲಿ ಕಳ್ಳರು ಮರಿಗಳನ್ನು ಹೊತ್ತೊಯ್ದರು. ನಿನ್ನಲ್ಲೂ ಹೀಗಾದರೆ ಕೆಲಸ ಬಿಟ್ಟು ಹೋಗು ಎಂದು ಹಕ್ಕಿ ಕಾಯುವ ಕಚೇರಿಯ ಸಾಹೇಬರು ಅಣ್ಣನಿಗೆ ಕಡ್ಡಿ ಮುರಿದಂತೆ ಹೇಳಿದ್ದರು. ಅದಕ್ಕೆ ಸಿಲ್ವೆತ್‌ಳ ಪ್ರಥಮ ಪರಮಪ್ರಸಾದಕ್ಕೂ, ಅಂದರೆ ಚರ್ಚಿನಲ್ಲಿ ಅವಳು ಮೊದಲ ಸಲ ಪ್ರಸಾದ ಪಡೆಯುವ ಹಬ್ಬಕ್ಕೂ, ಬರುವುದಿಲ್ಲ ಎಂದು ಕೂತಿದ್ದ.

"ಮಗಳ ಹಬ್ಬಕ್ಕೆ ಅಪ್ಪನೇ ಇಲ್ಲ ಅಂದ್ರೆ ಜನ ಮುಖಕ್ಕೆ ಉಗೀತಾರೆ ಕಣೋ," ಎಂದು ಗಾಸ್ತೋ ಹಿಡಿದ ಪಟ್ಟು ಬಿಡಲಿಲ್ಲ. "ಶನಿವಾರ ನಿನ್ನ ದಡಕ್ಕೆ ಬಿಟ್ಟು ವಾಪಸ್ ಬರ್ತೀನಿ. ಸಂಜೆ ತನಕ ನಾನೇ ಇಲ್ಲಿ ಕಾಯ್ತೀನಿ, ಭಾನುವಾರ ಹೇಗೂ ಯಾರೂ ದೋಣಿ ಇಳಿಸಲ್ಲ, ಸಾಕಾ?"

ಸಾಕು ಅಂದುಬಿಟ್ಟ ನನ್ನಣ್ಣ. ಕೊಂಪೇ ಕಾಯುತ್ತೇನೆ ಅಂದ ಮೇಲೆ ಇನ್ನೇನು ಬೇಕು!

ಭಾನುವಾರ ಪೂಜೆ ಮುಗಿಸಿ ಗಾಸ್ತೋ ಮನೆಗೇ ಊಟಕ್ಕೆ ಹೋದೆವು. ಆ ದಿನದ ಊಟ ಧರ್ಮತಂದೆಯದೇ ಅಲ್ಲವೇ. ಅನ್ನ, ಬೇಳೆ, ಪಪ್ಪಾಯಿ ಚಟ್ನಿ, ದಾಲ್ಚಿನ್ನಿ ಎಲೆ ಹಾಕಿದ ತೆಂಗಿನಹಾಲಿನ ಸಾರು, ಅದರಲ್ಲಿ ಕಪ್ಪು ಮಾಂಸ.

"ಏನೋ ಇದು ಕೊಂಪೇ?" ಎಂದು ಅಣ್ಣ ಕೇಳಿದ.

"ಬಾತುಕೋಳಿ. ಮಾಹೆ ದ್ವೀಪದಿಂದ ತರಿಸಿದ್ದು."

"ಮೀನಿನ ವಾಸನೆ ಬರ್ತಿದೆಯಲ್ಲೋ?"

"ಮತ್ತೆ ನಮ್ಮ ದೇಶದ ಬಾತುಕೋಳಿ ತಿನ್ನೋದು ಇನ್ನೇನು, ಬೆಣ್ಣೆನಾ?"

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಅಣ್ಣನೂ ನಕ್ಕು ತಟ್ಟೆ ಮುಂದೆ ಮಾಡಿದ. ಮತ್ತೆ ಮತ್ತೆ ಹಾಕಿಸಿಕೊಂಡ, ಬೆರಳು ನೆಕ್ಕಿದ. ಮಗಳ ಬಿಳಿ ಲಂಗ ನೋಡಿ ನೋಡಿ ಅವನಿಗೆ ಅವತ್ತು ಹಿಗ್ಗೋ ಹಿಗ್ಗು.

ಸೋಮವಾರ ಬೆಳಿಗ್ಗೆ ಗಾಸ್ತೋನೇ ಅವನನ್ನು ನಡುಗಡ್ಡೆಗೆ ಬಿಟ್ಟು ಬಂದ. ಮಧ್ಯಾಹ್ನ ಪ್ರವಾಸಿಗರ ದೋಣಿ ಹತ್ತಿ ಅಣ್ಣ ನನ್ನ ಬಾಗಿಲಲ್ಲಿ ಬಂದು ನಿಂತ. ಒಂದು ಕಲ್ಲೂ ಕದಲಿಲ್ಲ, ಕಲ್ಲಿನ ಹಿಂದೆ ಒಂದು ಮರಿಯೂ ಇಲ್ಲ ಅಂದ. ಗುರುತಿಡಲು ಮರೆತಿದ್ದ ಒಂದೇ ಒಂದು ಮರಿ, ತಕಾಮಾಕಾ ಮರದ ಬೇರಿನ ಸಂದಿಯಲ್ಲಿ ಬೂದು ತುಪ್ಪಳ ಕೆದರಿಕೊಂಡು ಕೂತು ಅವನತ್ತ ಕೊಕ್ಕು ತೆರೆದಿತ್ತಂತೆ.

"ಅಂಜೆಲಿನ್, ನಿನ್ನೆ ನಾವು ತಿಂದದ್ದು ಬಾತುಕೋಳಿ ಅಲ್ಲ ಕಣೇ," ಎಂದು ಅಂಗಳದ ಮೂಲೆಗೆ ಹೋಗಿ ಗಂಟಲಿಗೆ ಬೆರಳು ಹಾಕಿಕೊಂಡ. ಒಂದು ದಿನ ಕಳೆದ ಮೇಲೆ ಏನು ಬರುತ್ತದೆ? ಬರೀ ನೀರು ಬಂತು.

ಇಬ್ಬರೂ ಗಾಸ್ತೋ ಹತ್ತಿರ ಹೋದೆವು. ಅವನು ದೋಣಿ ತಿಕ್ಕುತ್ತಿದ್ದ. ನೀನು ಬಡಿಸಿದ್ದು ನನ್ನ ಮರಿಗಳನ್ನೇನಾ ಎಂದು ಅಣ್ಣ ಕೇಳಿದರೂ ತಲೆ ಎತ್ತಲಿಲ್ಲ.

"ಹೌದು, ಅದೇ. ಏನೀಗ?"

"ದೂರು ಕೊಡ್ತೀನಿ ಗಾಸ್ತೋ." ಅಣ್ಣ ಅವನನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿದ್ದು ಅದೇ ಮೊದಲು.

"ಹೋಗಪ್ಪಾ. ನಾನು ಬೆಳಿಗ್ಗೇನೇ ಸಾಹೇಬರ ಕಚೇರಿಗೆ ಹೋಗಿ ಬಂದೆ. ಮಗಳ ಊಟಕ್ಕೆ ಅಂತ ಕಾವಲುಗಾರನೇ ತಂದ ಮಾಂಸ, ಏನು ಅಂತ ನಂಗೂ ಹೇಳಿರ್ಲಿಲ್ಲ, ಆಮೇಲೆ ತಿಳೀತು ಅಂದೆ. ನೀನು ಬೆರಳು ನೆಕ್ಕಿದ್ದನ್ನ ಊರೆಲ್ಲ ನೋಡಿದೆಯಲ್ಲ."

ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ನಿನ್ನ ವಂಶ ಹಾಳಾಗ, ನಿನ್ನ ದೋಣಿ ಮುಳುಗ ಅಂದೆ. ಅವನು ತಿಕ್ಕುತ್ತಲೇ ಇದ್ದ. ಕಚೇರಿಯಲ್ಲಿ ಅಣ್ಣನಿಗೆ ಒಂದೇ ಪ್ರಶ್ನೆ ಕೇಳಿದರು, ತಿಂದೆಯಾ ಇಲ್ಲವಾ ಎಂದು. ತಿಂದೆ ಅಂದ. ಸುಳ್ಳು ಹೇಳಿ ಅಭ್ಯಾಸವಿದ್ದರೆ ತಾನೇ! ಕಾವಲು ಕೆಲಸ ಗಾಸ್ತೋಗೆ ಹೋಯಿತು. ಅವನಿಗೆ ಬೇಕಾಗಿದ್ದದ್ದೂ ಅದೇ. ನಡುಗಡ್ಡೆ ಬಿಡುವ ಮುಂಚೆ ಅಣ್ಣ ಎಲ್ಲ ಹವಳಗಲ್ಲುಗಳನ್ನೂ ಆಯ್ದು ಸಮುದ್ರಕ್ಕೆ ಎಸೆದ. ತಕಾಮಾಕಾ ಮರದ ಬುಡದ ಮರಿಯ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ.

ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಗಾಸ್ತೋ ಎದುರಾದ. ಕಾವಲುಗಾರನ ಹೊಸ ಟೋಪಿ ಹಾಕಿದ್ದ. ಧರ್ಮಮಗಳು ಎದುರು ಸಿಕ್ಕರೆ ಕೈಮುಗಿದು ಆಶೀರ್ವಾದ ಕೇಳಬೇಕು. ಅವನು ಆಗಲೇ ಕೈ ಎತ್ತಿ ನಿಂತಿದ್ದ. ಸಿಲ್ವೆತ್ ಕೈಮುಗಿಯಲಿಲ್ಲ.

"ಅವತ್ತು ನನ್ನ ತಟ್ಟೆಗೆ ಹಾಕಿದ್ದೂ ಅದೇನಾ?"

ಗಾಸ್ತೋ ಅವಳ ತಲೆ ಸವರಿದ. "ನಿನ್ನ ತಟ್ಟೆಗೇ ಮೊದಲು ಹಾಕಿದ್ದು ಮಗಳೇ, ಮೆತ್ತಗಿರೋದನ್ನ ಆರಿಸಿ."

ಅಷ್ಟು ಅಕ್ಕರೆಯಿಂದ ಹೇಳಿದ. ಅಣ್ಣ ಅವಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದ. ಮನೆಗೆ ಬಂದ ಸಿಲ್ವೆತ್ ಆ ಬಿಳಿ ಲಂಗವನ್ನು ಮಡಿಚಿ ನನ್ನ ಕೈಗೆ ಕೊಟ್ಟು, ಇದನ್ನು ಯಾರಿಗಾದರೂ ಕೊಟ್ಟುಬಿಡು ಅತ್ತೆ ಅಂದಳು.